ಫಾರ್ವರ್ಡ್ ಆಗಿ ಬಂದ 66ಎ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಶ್ರೀಧರ ಚಿಕ್ಕಪ್ಪ (ಫಾರ್ವರ್ಡ್): ಎಚ್ಚರಿಕೆ! ಬೇರೆಯವರ ಹೆಸರು, ಫೋಟೊ ಬಳಸಿ ಫೇಸ್‌ಬುಕ್ ಖಾತೆ ತೆರೆದವರಿಗೆ ಐಟಿ ಕಾಯ್ದೆ ಕಲಂ 66ಎ ಪ್ರಕಾರ 7 ವರ್ಷ ಜೈಲು, ಜಾಮೀನು ಇಲ್ಲ. ಎಲ್ಲ ಗುಂಪುಗಳಿಗೂ ಕಳುಹಿಸಿ.

ಅನುಪಮಾ: ಚಿಕ್ಕಪ್ಪ, ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದರ ಕುರಿತಾಗಿದ್ದ 66ಎ ಕಲಮನ್ನು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ರದ್ದುಪಡಿಸಿದೆ. ಅದು ಜಾರಿಯಲ್ಲಿದ್ದಾಗಲೂ ಗರಿಷ್ಠ ಶಿಕ್ಷೆ 3 ವರ್ಷವೇ ಆಗಿತ್ತು. ಈಗ ನಕಲಿ ಖಾತೆಯ ದೂರುಗಳಲ್ಲಿ ಸಾಮಾನ್ಯವಾಗಿ ಹಾಕುವುದು ಅದೇ ಕಾಯ್ದೆಯ 66ಸಿ (ಗುರುತಿನ ಕಳವು) ಮತ್ತು 66ಡಿ (ಕಂಪ್ಯೂಟರ್, ಮೊಬೈಲ್ ಮೂಲಕ ಮತ್ತೊಬ್ಬರ ಸೋಗಿನಲ್ಲಿ ವಂಚನೆ). ಎರಡಕ್ಕೂ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡವಿದೆ, ಮತ್ತು 77ಬಿ ಪ್ರಕಾರ ಎರಡೂ ಜಾಮೀನು ಸಿಗುವ ಅಪರಾಧಗಳು.

ಶ್ರೀಧರ ಚಿಕ್ಕಪ್ಪ: ನೀನು ವಕೀಲಳು, ನಿನಗೆ ಕಲಂ ಮುಖ್ಯ. ನನಗೆ ಹುಡುಗರು ಹೆದರುವುದು ಮುಖ್ಯ. ಏಳು ವರ್ಷ ಎಂದು ಓದಿ ಒಬ್ಬನಾದರೂ ಹಿಂಜರಿದರೆ ಯಾರಿಗೆ ನಷ್ಟ?

ವಿನಯ್: ಚಿಕ್ಕಪ್ಪ, ಇದನ್ನು ನನ್ನ ಮೇಲೆಯೇ ಹಾಕಿದ್ದೀರಿ ಎಂದು ತಿಳಿಯಿತು. ನಮ್ಮ ತರಗತಿಯವರು ಉಪನ್ಯಾಸಕರೊಬ್ಬರ ಹೆಸರಿನಲ್ಲಿ ಖಾತೆ ತೆರೆದದ್ದು ನಿಜ, ಆದರೆ ಯಾರ ಬಳಿಯೂ ಒಂದು ರೂಪಾಯಿ ಕೇಳಿಲ್ಲ. 66ಸಿ ಓದಿದರೆ ‘ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ’ ಬಳಸಿರಬೇಕು ಎಂಬ ಷರತ್ತು ಸ್ಪಷ್ಟವಾಗಿದೆ. ತಮಾಷೆ ಅಪರಾಧವಲ್ಲ, ಅಕ್ಕ.

ಅನುಪಮಾ: ಷರತ್ತನ್ನು ಸರಿಯಾಗಿಯೇ ಓದಿದ್ದೀಯ. ಅಷ್ಟೇ ಅಲ್ಲ, ಆ ಕಲಂ ಹೇಳುವುದು ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ‘ಅನನ್ಯ ಗುರುತು’ಗಳ ಬಗ್ಗೆ, ಬರೀ ಹೆಸರು ಮತ್ತು ಫೋಟೊ ಅದರೊಳಗೆ ಬರುತ್ತವೆಯೇ ಎಂದು ನಿಮ್ಮ ಪರ ವಕೀಲರು ಖಂಡಿತ ವಾದಿಸಬಹುದು. ಆದರೆ ಇದು ಅಣಕದ ಖಾತೆ ಎಂದು ಎಲ್ಲಿಯೂ ಬರೆಯದೆ, ಉಪನ್ಯಾಸಕರೇ ಮಾತನಾಡುತ್ತಿದ್ದಾರೆ ಎಂದು ಓದುವವರು ನಂಬುವಂತೆ ವಿದ್ಯಾರ್ಥಿನಿಯರಿಗೆ ಸಂದೇಶ ಕಳುಹಿಸಿದ್ದರೆ, ಉದ್ದೇಶ ಏನಿತ್ತೆಂಬುದನ್ನು ನ್ಯಾಯಾಲಯ ಆ ಸಂದೇಶಗಳಿಂದಲೇ ತಿಳಿದುಕೊಳ್ಳುತ್ತದೆ, ನಿಮ್ಮ ನಗುವಿನಿಂದಲ್ಲ. 66ಸಿ ನಿಲ್ಲದಿದ್ದರೂ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 336(4) ಇದೆ: ಒಬ್ಬರ ಮಾನಕ್ಕೆ ಹಾನಿಯಾಗಲೆಂದು ಖೋಟಾ ವಿದ್ಯುನ್ಮಾನ ದಾಖಲೆ ಸೃಷ್ಟಿಸಿದರೆ 3 ವರ್ಷದವರೆಗೆ ಶಿಕ್ಷೆ. ಹಣದ ಮಾತೇ ಅಲ್ಲಿಲ್ಲ. 66ಸಿ ಹುಟ್ಟುವ ಮೊದಲೇ, 2004ರಲ್ಲಿ, ಮಹಿಳೆಯೊಬ್ಬರ ಹೆಸರಿನಲ್ಲಿ ಇಮೇಲ್ ಖಾತೆ ತೆರೆದು ಯಾಹೂ ಗುಂಪುಗಳಲ್ಲಿ ಅಶ್ಲೀಲ ಸಂದೇಶ ಹಾಕಿದವನಿಗೆ ಚೆನ್ನೈನ ಎಗ್ಮೋರ್ ನ್ಯಾಯಾಲಯ ಸೆರೆವಾಸ ವಿಧಿಸಿತ್ತು. ಆಗ ಬಳಸಿದ ಕಲಮುಗಳಲ್ಲಿ ಒಂದು ಇದೇ ಖೋಟಾ ದಾಖಲೆಯದು, ಹಳೆಯ ದಂಡ ಸಂಹಿತೆಯ 469.

ಸುಮತಿ ಅತ್ತೆ: ಹಾಗಾದರೆ ನನ್ನ ವಿಷಯ ಹೇಳು, ಅನು. ಹೋದ ವರ್ಷ ನನ್ನ ಫೋಟೊ ಹಾಕಿಕೊಂಡು ಯಾರೋ ನೆಂಟರಿಗೆಲ್ಲ ‘ಆಸ್ಪತ್ರೆಯಲ್ಲಿದ್ದೇನೆ, ಹಣ ಕಳುಹಿಸಿ’ ಎಂದು ಬರೆದರು. ದೂರು ಕೊಡಲು ಹೋದರೆ, ಹಣ ಕಳೆದುಕೊಂಡವರು ಬರಲಿ, ನಿಮಗೇನಾಗಿದೆ ಎಂದರು. ನೆಂಟರ ಮುಂದೆ ತಲೆ ತಗ್ಗಿಸಿದವಳು ನಾನು.

ಅನುಪಮಾ: ಅತ್ತೆ, ಅಲ್ಲಿ ಅನ್ಯಾಯವಾದದ್ದು ಇಬ್ಬರಿಗೆ. ಗುರುತು ಕದ್ದದ್ದು ನಿಮ್ಮದು, ಆದ್ದರಿಂದ 66ಸಿ ಅಡಿಯಲ್ಲಿ ದೂರು ಕೊಡುವ ಹಕ್ಕು ನಿಮಗೂ ಇದೆ. ಹಣ ಕಳುಹಿಸಿದವರ ದೃಷ್ಟಿಯಿಂದ ಅದು 66ಡಿ, ಜೊತೆಗೆ ನ್ಯಾಯ ಸಂಹಿತೆಯ 319, ಅಂದರೆ ಮತ್ತೊಬ್ಬರ ಸೋಗಿನಲ್ಲಿ ಮಾಡುವ ವಂಚನೆ, 5 ವರ್ಷದವರೆಗೆ. ವಂಚಿಸಿ ಹಣ ಪಡೆದದ್ದಕ್ಕೆ 318(4) ಸೇರಿದರೆ 7 ವರ್ಷದವರೆಗೆ.

ಶ್ರೀಧರ ಚಿಕ್ಕಪ್ಪ: ನೋಡಿದಿರಾ! ಏಳು ವರ್ಷ ಎಂದು ಈಗ ನೀನೇ ಬರೆದೆ.

ಅನುಪಮಾ: ಹಣ ಲಪಟಾಯಿಸಿದವನಿಗೆ, ಚಿಕ್ಕಪ್ಪ, ಖಾತೆ ತೆರೆದ ಮಾತ್ರಕ್ಕಲ್ಲ. ಯಾರಿಗೆ ನಷ್ಟ ಎಂದು ಕೇಳಿದಿರಲ್ಲ, ಕೇಳಿ. ರದ್ದಾದ 66ಎ ಅಡಿಯಲ್ಲಿ ಪೊಲೀಸರು ವರ್ಷಗಟ್ಟಲೆ ಪ್ರಕರಣ ದಾಖಲಿಸುತ್ತಲೇ ಇದ್ದರು, ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಹೊರಡಿಸಿ ನಿಲ್ಲಿಸಬೇಕಾಯಿತು. ಸತ್ತ ಕಲಮಿನ ಮೇಲೆ ನಿಂತ ಪ್ರಕರಣ ಬಿದ್ದುಹೋದಾಗ ನಿಜವಾದ ನಕಲಿ ಖಾತೆದಾರನೂ ಪಾರಾಗುತ್ತಾನೆ.

ಶ್ರೀಧರ ಚಿಕ್ಕಪ್ಪ: ಸರಿ, ಅಂಕಿ ತೆಗೆದು ಎಚ್ಚರಿಕೆ ಮಾತ್ರ ಉಳಿಸುತ್ತೇನೆ. ಎಚ್ಚರಿಕೆಯನ್ನು ಬಿಡುವುದಿಲ್ಲ.

ಅನುಪಮಾ: ಬಿಡಬೇಡಿ. ಅತ್ತೆ, ಇನ್ನೊಮ್ಮೆ ಹೀಗಾದರೆ ಸ್ಕ್ರೀನ್‌ಶಾಟ್ ಜೊತೆಗೆ ಆ ಪ್ರೊಫೈಲಿನ ಲಿಂಕ್ ಕೂಡ ಉಳಿಸಿಕೊಳ್ಳಿ. ತೋರುವ ಹೆಸರನ್ನು ಅವರು ಸುಲಭವಾಗಿ ಬದಲಾಯಿಸುತ್ತಾರೆ. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಕೊಡಬಹುದು. ಹಣ ಹೋಗಿದ್ದರಂತೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ವಿನಯ್, ಉಪನ್ಯಾಸಕರ ಆ ಖಾತೆ ಈಗಲೂ ಇದೆಯೇ?

ವಿನಯ್: ಇದೆ, ಅಕ್ಕ. ಅಳಿಸಿಬಿಡಿ ಎಂದು ತರಗತಿಯವರಿಗೆ ಹೇಳುತ್ತೇನೆ. ಆದರೆ ಈಗ ಅಳಿಸಿದರೆ ಸಾಕ್ಷ್ಯ ನಾಶ ಮಾಡಿದ ಹಾಗೆ ಆಗುವುದಿಲ್ಲವೇ?

ಅನುಪಮಾ: ಅದನ್ನು ಗುಂಪಿನಲ್ಲಿ ಬರೆಯಬೇಡ. ಈಗಲೇ ನನಗೆ ಫೋನ್ ಮಾಡು.