ಬಿಳಿನೊಣ ಎಲ್ಲ ಕಡೆ ಒಂದೇ ಬಗೆಯದಾ? ಟೊಮೆಟೊ ಬೆಳೆಗಾರರ ಪ್ರಶ್ನೋತ್ತರ

ಮಾಲೂರು: ಮೇಡಂ, ಇಮಿಡಾಕ್ಲೋಪ್ರಿಡ್ ಹೊಡೆದರೂ ಬಿಳಿನೊಣ ಸಾಯುತ್ತಿಲ್ಲ. ಭಾವನ ಊರಲ್ಲಿ ಅದೇ ಔಷಧಿಗೆ ಸತ್ತಿವೆ. ಡೋಸ್ ಜಾಸ್ತಿ ಮಾಡಲಾ?

ಕೀಟತಜ್ಞೆ: ಬೇಡ. ನಿಮ್ಮಲ್ಲಿ ಔಷಧಿಗೆ ಬಗ್ಗದ ನೊಣಗಳೇ ಉಳಿದು ಸಂತತಿ ಬೆಳೆಸಿರಬೇಕು. ಡೋಸ್ ಏರಿಸಿದರೆ ಅವೇ ಇನ್ನಷ್ಟು ಹೆಚ್ಚುತ್ತವೆ.

ಶ್ರೀನಿವಾಸಪುರ: ನಾನು ಥಯಾಮೆಥಾಕ್ಸಾಮ್‌ಗೆ ಬದಲಾಯಿಸಿದೆ. ಅದೂ ಅಷ್ಟೇ.

ಕೀಟತಜ್ಞೆ: ಅದೂ ಇಮಿಡಾದ ಗುಂಪೇ, ಒಂದೇ ರೀತಿ ಕೆಲಸ ಮಾಡುವ ಕೀಟನಾಶಕಗಳ 4ಎ ಗುಂಪು. ಅಸಿಟಾಮಿಪ್ರಿಡ್ ಕೂಡ. ಗುಂಪು ಬದಲಾಯಿಸಿ.

ಮುಳಬಾಗಿಲು: ಟೊಮೆಟೊ ಪಕ್ಕ ಸಿಹಿಕುಂಬಳ ಇದೆ. ಹೊಸ ಎಲೆಗಳ ಮೇಲೆ ಬೆಳ್ಳಿ ಬಳಿದ ಹಾಗೆ ಹೊಳಪು. ಯಾವ ರೋಗ?

ಕೀಟತಜ್ಞೆ: ಇದನ್ನು ಸುಮ್ನೆ ಬಿಡಬೇಡಿ. ಕೆಲವು ಕುಂಬಳ ತಳಿಗಳಲ್ಲಿ ನರ ಕವಲೊಡೆಯುವ ಕಡೆ ಹುಟ್ಟಾ ಬಿಳಿ ಮಚ್ಚೆ ಇರುತ್ತದೆ. ಅದಾದರೆ ಚಿಂತೆ ಇಲ್ಲ. ಹೊಳಪು ನರಗಳ ಗುಂಟ ಶುರುವಾಗಿ ಇಡೀ ಎಲೆಗೆ ಹರಡುತ್ತಿದ್ದರೆ, ಕೆಳಗಿನ ಹಳೆ ಎಲೆ ಮಗುಚಿ ನೋಡಿ. ಚಪ್ಪಟೆಯಾದ, ತಿಳಿ ಹಳದಿ ಮರಿಗಳು ಅಂಟಿಕೊಂಡಿದ್ದರೆ ಅದು ಬಹುಶಃ 'ಬಿ' ಬಗೆಯ ಬಿಳಿನೊಣ. ಮರಿಗಳು ರಸ ಹೀರುವುದು ಹಳೆ ಎಲೆಯಲ್ಲಿ, ಬೆಳ್ಳಿ ಕಾಣಿಸುವುದು ಹೊಸ ಎಲೆಯಲ್ಲಿ.

ಈ ಬಗೆ ಭಾರತದಲ್ಲಿ ಮೊದಲು ಪತ್ತೆಯಾಗಿದ್ದೇ ಕೋಲಾರದಲ್ಲಿ, 1999ರಲ್ಲಿ. ನಮ್ಮ ಸ್ಥಳೀಯ ಏಷ್ಯಾ-1 ಬಗೆಯ ಪಕ್ಕದಲ್ಲಿಟ್ಟು ಭೂತಕನ್ನಡಿ ಹಿಡಿದರೂ ವ್ಯತ್ಯಾಸ ಸಿಗುವುದಿಲ್ಲ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾದ ಜೀನ್ ನೋಡಿಯೇ ಗುರುತಿಸಬೇಕು. ಬಿಳಿನೊಣದಲ್ಲಿ ಗಂಡಿನ ಜೊತೆ ಕೂಡದ ಹೆಣ್ಣು ಇಟ್ಟ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟುತ್ತದೆ. 'ಬಿ' ಗಂಡುಗಳು ಸ್ಥಳೀಯ ಹೆಣ್ಣುಗಳ ಬೆನ್ನು ಹತ್ತುತ್ತವೆ, ಆದರೆ ಕೂಡಲು ಆಗುವುದಿಲ್ಲ. ಆ ಹೆಣ್ಣುಗಳ ಸ್ವಂತ ಬಗೆಯ ಗಂಡಿಗೂ ಅವು ಅಡ್ಡ ಬರುತ್ತವೆ. ಸ್ಥಳೀಯ ಬಗೆಯಲ್ಲಿ ಹೆಣ್ಣು ಕಡಿಮೆಯಾಗುತ್ತಾ ಹೋಗುತ್ತವೆ. ಚೀನಾ, ಆಸ್ಟ್ರೇಲಿಯಾದಲ್ಲಿ ಇದನ್ನು ದಾಖಲಿಸಿದ್ದಾರೆ. ಹಾಗಾಗಿ ಎರಡು ಊರಿನ ನೊಣ ಒಂದೇ ಅಂದುಕೊಂಡು ಪಕ್ಕದವರ ಔಷಧಿ ನಕಲು ಮಾಡಬೇಡಿ.

ಚಿಂತಾಮಣಿ: (ಬಂದದ್ದನ್ನು ಕಳಿಸುತ್ತಿದ್ದೇನೆ) ಸೋಪಿನ ಪುಡಿ, ಸೀಮೆಎಣ್ಣೆ, ಉಪ್ಪು ಕಲಸಿ ಹೊಡೆದರೆ ಒಂದೇ ದಿನದಲ್ಲಿ ಬಿಳಿನೊಣ ಮಾಯ!

ಕೀಟತಜ್ಞೆ: ಎಲೆ ಸುಡುತ್ತದೆ. ಯಾರೂ ಹೊಡೆಯಬೇಡಿ.

ಬಂಗಾರಪೇಟೆ: ಅರ್ಕಾ ರಕ್ಷಕ್ ಟೊಮೆಟೊ ತಳಿ ಹಾಕಿ, ಎಲ್ಲ ತಾಪತ್ರಯ ಮುಗಿಯುತ್ತದೆ.

ಶ್ರೀನಿವಾಸಪುರ: ನಮ್ಮ ಮಂಡಿಯಲ್ಲಿ ಕೇಳುವುದು ಬೇರೆ ತಳಿ.

ಬಂಗಾರಪೇಟೆ: ಮಂಡಿಯವರನ್ನು ಕೇಳಿ ಬೆಳೆಯುತ್ತೀರಾ?

ಶ್ರೀನಿವಾಸಪುರ: ಮತ್ತೆ ಮಾರುವುದು ಯಾರಿಗೆ, ನಿಮಗಾ?

ಕೀಟತಜ್ಞೆ: ಆ ತಳಿ ಬಿಳಿನೊಣ ಹರಡುವ ಎಲೆ ಮುದುಡುವ ವೈರಸ್ ತಾಳಿಕೊಳ್ಳುತ್ತದೆ, ನೊಣವನ್ನು ಓಡಿಸುವುದಿಲ್ಲ. ಯಾವ ತಳಿಯಾದರೂ ಸಸಿಮಡಿಗೆ ಸಣ್ಣ ಕಣ್ಣಿನ 40 ಮೆಶ್ ಬಲೆ ಕಟ್ಟಿ. ಸಸಿಯಲ್ಲೇ ವೈರಸ್ ಹೊಕ್ಕರೆ ಬೆಳೆ ಕೈಬಿಟ್ಟ ಹಾಗೆ.

ಹೊಸಕೋಟೆ: ಮೆಣಸಿನಕಾಯಿಗೂ ಇದೇ ನೊಣವಾ ಮೇಡಂ?

ಚಿಂತಾಮಣಿ: ಸೀಮೆಎಣ್ಣೆ ಬೇಡ ಅಂದರೆ ಕೋಲಾ ಹೊಡೆಯಬಹುದಂತೆ. ಸಾವಿರಾರು ಜನ ಹೊಡೆದಿದ್ದಾರಂತೆ.

ಕೀಟತಜ್ಞೆ: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ನಂಬಿ ಹೊಡೆದವರ ಬೆಳೆಗೆ ನೀವು ಜವಾಬ್ದಾರಿ ಹೊರುತ್ತೀರಾ?

ಚಿಂತಾಮಣಿ: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಗದರಬೇಕಾ?

ಮಾಲೂರು: ಹಾಗಾದರೆ ಇಮಿಡಾ ಲೀಟರಿಗೆ ಎಷ್ಟು ಹಾಕಲಿ?

ಕೀಟತಜ್ಞೆ: ಮೇಲೆ ಓದಿ. ಮುಳಬಾಗಿಲಿನವರು ಎಲೆಯ ಅಡಿಭಾಗದ ಫೋಟೊ ಕಳಿಸಿ. ಒಂದಷ್ಟು ನೊಣ ಹಿಡಿದು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಹಾಕಿಡಿ, ಜೀನ್ ಪರೀಕ್ಷೆಗೆ ಬೇಕು. ಅಲ್ಲಿಯವರೆಗೆ ಏನೂ ಹೊಡೆಯಬೇಡಿ.

ಹೊಸಕೋಟೆ: ಮೇಡಂ, ಮೆಣಸಿನಕಾಯಿ ಕೇಳಿದ್ದೆ.