ಚುಕ್ಕೆ ಎಣಿಸಿದರೆ ಪ್ರಭೇದವಾಗುತ್ತದೆಯೇ?

ಗುಂಪು: ಪ್ರಾಣಿಶಾಸ್ತ್ರ ಹಳೆಯ ವಿದ್ಯಾರ್ಥಿಗಳು

ಶಶಿ: (ಲೇಖನ ಹಂಚಿಕೊಂಡಿದ್ದಾನೆ) ಟರ್ಕಿಯಲ್ಲಿ ಟೈಗ್ರಿಸ್ ನದಿ ಕಣಿವೆಯ ಟ್ರೌಟ್ ಮೀನನ್ನು ಹೊಸ ಪ್ರಭೇದವೆಂದು ಗುರುತಿಸಿ 2011ರಲ್ಲಿ ‘ಸಾಲ್ಮೊ ಟೈಗ್ರಿಡಿಸ್’ ಎಂದು ಹೆಸರಿಟ್ಟ ಕಥೆ. ಓದಿ ಖುಷಿಪಡಿ.

ಮಂಜುನಾಥ: ಖುಷಿ ಎಲ್ಲಿಂದ ಬಂತು? ಹೀಗೇ ಬಿಟ್ಟರೆ ಹಳ್ಳಕ್ಕೊಂದು ಪ್ರಭೇದವಾಗುತ್ತದೆ. ಟ್ರೌಟಿನ ಚುಕ್ಕೆ, ಬಣ್ಣ ನೀರಿಗೂ ವಯಸ್ಸಿಗೂ ತಕ್ಕಂತೆ ಬದಲಾಗುತ್ತವೆ. ಅಂಗಿ ಬದಲಾಯಿಸಿದವನಿಗೆಲ್ಲ ನಾಮಕರಣ ಮಾಡುತ್ತೀರಾ?

ಗೀತಾ: ನೀನು ಚಿತ್ರ ಮಾತ್ರ ನೋಡಿದ್ದೀಯ. ಮೈಯ ಪಕ್ಕದುದ್ದಕ್ಕೂ ಸಾಗುವ ಪಾರ್ಶ್ವರೇಖೆಯ ಹುರುಪೆಗಳು, ಕಿವಿರಿನ ಕಮಾನಿನ ಮೇಲಿನ ಮುಳ್ಳುಗಳು, ಮೇಲ್ದವಡೆಯ ಉದ್ದ, ಇಂಥವನ್ನೆಲ್ಲ ಅಳೆಯುತ್ತಾರೆ.

ಮಂಜುನಾಥ: ಆ ಎಣಿಕೆಗಳೂ ಮೊಟ್ಟೆ ಬೆಳೆಯುವಾಗಿನ ನೀರಿನ ತಾಪಮಾನದಿಂದ ಏರುಪೇರಾಗಬಹುದು.

ಶಶಿ: ಡಿಎನ್‌ಎ ನೋಡಿದರೆ ಮುಗಿಯಿತಲ್ಲ!

ಗೀತಾ: ಮುಗಿಯುವುದಿಲ್ಲ ಶಶಿ. ಮೊದಲು ಓದುವುದು ಸಾಮಾನ್ಯವಾಗಿ ಜೀವಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಡಿಎನ್‌ಎ. ಅದು ತಾಯಿಯ ಕಡೆಯ ವಂಶವನ್ನಷ್ಟೇ ಹೇಳುತ್ತದೆ. ಎಂದೋ ಬೇರೆ ಹೊಳೆಯ ಹೆಣ್ಣು ಮೀನು ಬಂದು ಬೆರೆತಿದ್ದರೆ ಮೈಯೆಲ್ಲ ಈ ಹೊಳೆಯದು, ಮೈಟೊಕಾಂಡ್ರಿಯ ಮಾತ್ರ ಆ ಹೊಳೆಯದು. ಸಾಕಣೆಯ ಮರಿಗಳನ್ನು ತಂದು ಬಿಟ್ಟಲ್ಲಿ ಗೋಜಲು ಇನ್ನೂ ಹೆಚ್ಚು. ಅದಕ್ಕೇ ಕೋಶಕೇಂದ್ರದ ಹಲವು ಗುರುತುಗಳನ್ನೂ ಹೋಲಿಸಬೇಕು. ಐರ್ಲೆಂಡ್ ದ್ವೀಪದ ಮೆಲ್ವಿನ್ ಸರೋವರ ನೆನಪಿದೆಯೇ?

ಮಂಜುನಾಥ: ಅಲ್ಲಿನ ಮೂರು ಬಗೆಯ ಟ್ರೌಟ್: ಸೊನಾಗನ್, ಗಿಲ್ಲರೂ, ಫೆರಾಕ್ಸ್. ಬಾಯಿಪಾಠ ಮಾಡಿದ್ದೆ.

ಗೀತಾ: ಗಿಲ್ಲರೂ ಬಸವನಹುಳು ತಿನ್ನುತ್ತದೆ, ಜಠರದ ಗೋಡೆ ದಪ್ಪ. ಸೊನಾಗನ್ನಿಗೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕ, ಫೆರಾಕ್ಸಿಗೆ ಮೀನು. ಒಂದೇ ಸರೋವರದಲ್ಲಿದ್ದರೂ ಮೊಟ್ಟೆಯಿಡುವ ಜಾಗ ಬೇರೆ, ಜೀನುಗಳೂ ಬೇರೆ. ಆಕಾರ ಹೇಳಿದ್ದನ್ನೇ ಜೀನೂ ಹೇಳುತ್ತದೆ.

ಮಂಜುನಾಥ: ಅವನ್ನು ಮೂರು ಪ್ರಭೇದಗಳೆಂದು ಇಂದಿಗೂ ಎಲ್ಲರೂ ಒಪ್ಪಿಲ್ಲ! ಅಲ್ಲಾದರೂ ಮೀನುಗಳು ಒಂದಕ್ಕೊಂದು ಎದುರಾಗುತ್ತವೆ. ಬೇರೆ ಬೇರೆ ನದಿಗಳ ಮೀನುಗಳು ಎದುರಾಗುವುದೇ ಇಲ್ಲ. ಒಂದೇ ಪ್ರಭೇದದಂತೆ ಬೆರೆತು ಮರಿ ಮಾಡುತ್ತವೋ ಇಲ್ಲವೋ, ಯಾರನ್ನು ಕೇಳುವುದು?

ಗೀತಾ: ಆ ಮಾತು ಒಪ್ಪಿದೆ. ಅಲ್ಲಿ ಉಳಿಯುವುದು ಅಳತೆ, ಜೀನು, ಹೆಸರಿಟ್ಟವರ ವಿವೇಚನೆ. ಹೆಸರಿಡಲು ಆಧಾರವಾದ ಮೀನನ್ನು, ಅಂದರೆ ಮೂಲ ಮಾದರಿಯನ್ನು, ಸಂಗ್ರಹಾಲಯದಲ್ಲಿ ಕಾಪಾಡುವುದೂ ನಿನ್ನಂಥ ಅನುಮಾನದವರಿಗಾಗಿಯೇ, ಬೇಕಾದರೆ ಮತ್ತೆ ಅಳೆಯಲಿ ಎಂದು. ಮಳೆಬಿಲ್ಲು ಟ್ರೌಟನ್ನು 1989ರಲ್ಲಿ ಸಾಲ್ಮೊ ಕುಲದಿಂದ ಆಂಕೊರಿಂಕಸ್‌ಗೆ ಎತ್ತಿ ಹಾಕಿದಾಗ ಮೀನಿಗೇನೂ ಬೇಸರವಾಗಲಿಲ್ಲ.

ಮಂಜುನಾಥ: ನನಗಾಯಿತು. ಹಳೆಯ ಹೆಸರು ಬರೆದು ಎರಡು ಅಂಕ ಕಳೆದುಕೊಂಡೆ.

ಶಶಿ: ಓದಿ ಖುಷಿಪಡಿ ಎಂದಷ್ಟೇ ಹೇಳಿದ್ದೆ ಮಾರಾಯರೇ.