ನಷ್ಟದ ವರ್ಷದಲ್ಲೂ ಬೋಯಿಂಗ್ ಸಿಇಒ ಸಂಬಳ ಏರಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಒಂದು ಲಾಟ್ ರಿಜೆಕ್ಟ್ ಆದರೆ ಸಾಕು, ಆ ತಿಂಗಳು ಇಡೀ ಶಿಫ್ಟಿಗೆ ಇನ್ಸೆಂಟಿವ್ ಇಲ್ಲ. ಬೋಯಿಂಗ್ 2023ರಲ್ಲಿ ಸುಮಾರು 220 ಕೋಟಿ ಡಾಲರ್ ನಷ್ಟ ಮಾಡಿಕೊಂಡಿತು. ಅದೇ ವರ್ಷ ಸಿಇಒ ಡೇವ್ ಕ್ಯಾಲ್ಹೌನ್ ಅವರ ಸಂಬಳ 2.26 ಕೋಟಿ ಡಾಲರಿನಿಂದ 3.28 ಕೋಟಿಗೆ ಏರಿತು ಅಂತ ಓದಿದೆ. ಓದಿ ಸಿಟ್ಟು ಬಂತು. ನಷ್ಟದಲ್ಲಿ ಸಂಬಳ ಏರುವುದು ಹೇಗೆ?

ಉತ್ತರ: ಸಿಟ್ಟು ಬರುವ ವಿಷಯವೇ. ಕಂಪನಿಗಳಿಗೆ ದೊಡ್ಡ ಹುದ್ದೆಗಳ ಸಂಬಳ ನಿಗದಿ ಮಾಡಿಕೊಡುವುದೇ 15 ವರ್ಷದಿಂದ ನನ್ನ ಕೆಲಸ. ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ಆ 3.28 ಕೋಟಿ ಪೂರ್ತಿ ಬ್ಯಾಂಕಿಗೆ ಬಿದ್ದ ದುಡ್ಡಲ್ಲ. ಮೂಲ ಸಂಬಳ 14 ಲಕ್ಷ ಡಾಲರ್. ಉಳಿದಿದ್ದರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಷೇರು. ಷೇರು ಮಂಜೂರು ಮಾಡಿದ ದಿನದ ಬೆಲೆ ಹಿಡಿದು ಆ ಅಂಕಿ ಬರೆಯುತ್ತಾರೆ. ಅದು ಕೈಗೆ ಬರುವುದು ವರ್ಷಗಳ ನಂತರ, ಆಗಿನ ಬೆಲೆಗೆ. ನಗದು ಬೋನಸ್ ಸುಮಾರು 28 ಲಕ್ಷ ಡಾಲರ್ ಬರುವುದಿತ್ತು, ಅವರೇ ಬೇಡ ಅಂದರು.

ಎರಡನೆಯದು, ಸಂಬಳ ತೀರ್ಮಾನಿಸುವ ಬೋರ್ಡು, ಅಂದರೆ ನಿರ್ದೇಶಕರ ಮಂಡಳಿ, ಬರೀ ಲಾಭ-ನಷ್ಟ ನೋಡುವುದಿಲ್ಲ. 2022ರಲ್ಲಿ ನಷ್ಟ ಸುಮಾರು 500 ಕೋಟಿ ಡಾಲರ್ ಇತ್ತು, ಮರುವರ್ಷ ಅದರ ಅರ್ಧಕ್ಕಿಂತ ಕಡಿಮೆಯಾಯಿತು. ವಿಮಾನಗಳ ಡೆಲಿವರಿ 480ರಿಂದ 528ಕ್ಕೆ ಏರಿತು. ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿದ ನಗದು 230 ಕೋಟಿಯಿಂದ 440 ಕೋಟಿ ಡಾಲರ್‌ಗೆ ಹೋಯಿತು. ಆಗ ವಾರ್ಷಿಕ ಬೋನಸ್ ಎಷ್ಟು ಎಂದು ತೀರ್ಮಾನಿಸುವ ಅಂಕದಲ್ಲಿ ನೂರಕ್ಕೆ 75 ಪಾಲು ಹಣಕಾಸಿನದು. ಗುಣಮಟ್ಟ, ಸುರಕ್ಷತೆ ಎಲ್ಲ ಸೇರಿ 25 ಪಾಲು.

ನನಗೆ ಬೇಸರವಾಗುವುದು ಇಲ್ಲೇ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ ಪೋರ್ಟ್‌ಲ್ಯಾಂಡಿನಿಂದ ಮೇಲೇರುವಾಗ ಸುಮಾರು 14,800 ಅಡಿಯಲ್ಲಿ ಅದರ ಡೋರ್ ಪ್ಲಗ್, ಅಂದರೆ ಬಳಸದ ಬಾಗಿಲಿನ ಜಾಗ ಮುಚ್ಚುವ ಫಲಕ, ಕಿತ್ತುಹೋಯಿತಲ್ಲ? ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟುಗಳೇ ಇರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ಬೋಯಿಂಗ್‌ನ ರೆಂಟನ್ ಕಾರ್ಖಾನೆಯಲ್ಲಿ ರಿವೆಟ್ ರಿಪೇರಿಗೆ ಪ್ಲಗ್ ತೆಗೆದಿದ್ದರು. ತೆಗೆದಿದ್ದಕ್ಕೆ ದಾಖಲೆಯೇ ಸಿಗಲಿಲ್ಲ. ಇನ್‌ಸ್ಪೆಕ್ಷನ್ ಮಾಡುವ ನಿಮಗೆ ಇದರ ಅರ್ಥ ನಾನು ಹೇಳಬೇಕಾಗಿಲ್ಲ.

ಆ ವಿಮಾನ ಡೆಲಿವರಿ ಆಗಿದ್ದು 2023ರ ಅಕ್ಟೋಬರ್ 31ಕ್ಕೆ. ಅಂದರೆ ಆ 528ರಲ್ಲಿ ಅದೂ ಒಂದು. ವಿಮಾನದ ಬೆಲೆಯಲ್ಲಿ ದೊಡ್ಡ ಪಾಲು ಬರುವುದು ಡೆಲಿವರಿ ದಿನ. ಹಾಗಾಗಿ ನಗದಿನ ಲೆಕ್ಕದಲ್ಲೂ ಅದು ಸೇರಿತು. ಬೋಲ್ಟ್ ಇಲ್ಲದ ವಿಮಾನ 2023ರ ಸಾಧನೆಯ ಪಟ್ಟಿಯಲ್ಲೇ ಉಳಿಯಿತು, ಅದರ ಪೆಟ್ಟು ಬಿದ್ದಿದ್ದು 2024ಕ್ಕೆ.

ಇನ್ನೊಬ್ಬ ಸದಸ್ಯರು: ಮೇಡಂ, ಷೇರುದಾರರು ಇದನ್ನು ತಡೆಯಲಿಕ್ಕೆ ಆಗುವುದಿಲ್ವಾ? ನಮ್ಮಲ್ಲಿ ಹೇಗೆ?

ಉತ್ತರ: ಅಮೆರಿಕದಲ್ಲಿ 2010ರ ಡಾಡ್-ಫ್ರಾಂಕ್ ಕಾನೂನು ಬಂದ ಮೇಲೆ ಸಂಬಳದ ಬಗ್ಗೆ ಷೇರುದಾರರು ವೋಟು ಹಾಕುತ್ತಾರೆ. ಆದರೆ ಅದು ಸಲಹೆ ಅಷ್ಟೇ, ಬೋರ್ಡು ಒಪ್ಪಲೇಬೇಕು ಅಂತಿಲ್ಲ. 2024ರ ಮೇನಲ್ಲಿ ಬೋಯಿಂಗ್‌ನಲ್ಲಿ ಸುಮಾರು 64% ವೋಟು ಪರವಾಗಿ ಬಿತ್ತು. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ 90%ರ ಆಸುಪಾಸು ಇರುತ್ತದೆ. ಆ ಲೆಕ್ಕದಲ್ಲಿ ಇದು ಜೋರು ಅಸಮಾಧಾನವೇ.

ನಮ್ಮ 2013ರ ಕಂಪನಿ ಕಾಯ್ದೆಯ ದಾರಿ ಬೇರೆ. ಪಬ್ಲಿಕ್ ಕಂಪನಿಯ ನಿರ್ದೇಶಕರು, ಮ್ಯಾನೇಜರ್ ಎಲ್ಲರ ಸಂಭಾವನೆ ಸೇರಿ ನಿವ್ವಳ ಲಾಭದ 11% ಮಿತಿ. ಒಬ್ಬರೇ ಎಂಡಿ (ವ್ಯವಸ್ಥಾಪಕ ನಿರ್ದೇಶಕ) ಇದ್ದರೆ ಅವರಿಗೆ 5%. ದಾಟಬೇಕಾದರೆ ಷೇರುದಾರರ ಸಭೆಯ ಒಪ್ಪಿಗೆ ಬೇಕು. ಲಾಭವೇ ಇಲ್ಲದಿದ್ದರೆ ಬೇರೆ ಮಿತಿ ಇದೆ. ನಮ್ಮ ಎಚ್‌ಎಎಲ್‌ನಂಥ ಸರ್ಕಾರಿ ಕಂಪನಿಗೆ ಈ ತಲೆನೋವೇ ಇಲ್ಲ. ಅಲ್ಲಿ ಸರ್ಕಾರದ ವೇತನ ಶ್ರೇಣಿ. ಎಚ್‌ಎಎಲ್ ದರ್ಜೆಯ ಕಂಪನಿಯ ಸಿಎಂಡಿ (ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕ) ಮೂಲ ವೇತನ ತಿಂಗಳಿಗೆ 2 ಲಕ್ಷದಿಂದ 3.7 ಲಕ್ಷ ರೂಪಾಯಿ, ಅದರ ಮೇಲೆ ಭತ್ಯೆ.

ಪ್ರಶ್ನೆ ಕೇಳಿದವರು: ಬಾಗಿಲು ಹಾರಿದ ಮೇಲೆ ಅಲ್ಲಿ ಏನಾದರೂ ಬದಲಾಯಿತಾ ಮೇಡಂ?

ಉತ್ತರ: ಆಯಿತು. 2024ರಿಂದ ಪ್ರಯಾಣಿಕ ವಿಮಾನ ವಿಭಾಗದ ಬೋನಸ್ ಅಂಕದಲ್ಲಿ 60% ಸುರಕ್ಷತೆ ಮತ್ತು ಗುಣಮಟ್ಟಕ್ಕೆ ಇಟ್ಟರು. ಒಳ್ಳೆಯ ಹೆಜ್ಜೆ, ಬಂದಿದ್ದು ತಡ. ಆ ವರ್ಷ ಡೆಲಿವರಿ 348ಕ್ಕೆ ಇಳಿಯಿತು. ಕಾರ್ಮಿಕರ ಮುಷ್ಕರವೂ ಸೇರಿ ನಷ್ಟ ಸುಮಾರು 1,180 ಕೋಟಿ ಡಾಲರ್ ಆಯಿತು. ಕ್ಯಾಲ್ಹೌನ್ ಆಗಸ್ಟ್‌ನಲ್ಲಿ ಹುದ್ದೆ ಬಿಟ್ಟರು, ಕೆಲ್ಲಿ ಆರ್ಟ್‌ಬರ್ಗ್ ಬಂದರು.

ಷರತ್ತು ನೇರವಾಗಿದ್ದರೆ ಅದು ಕೆಲಸ ಮಾಡುತ್ತದೆ. ಕ್ಯಾಲ್ಹೌನ್ ಅವರಿಗೆ 70 ಲಕ್ಷ ಡಾಲರಿನ ವಿಶೇಷ ಬಹುಮಾನ ಇಟ್ಟಿದ್ದರು. ಬೋಯಿಂಗ್‌ನ ಹೊಸ 777ಎಕ್ಸ್ ವಿಮಾನ 2023 ಮುಗಿಯುವುದರೊಳಗೆ ಸೇವೆಗೆ ಬರಬೇಕು ಎಂಬುದು ಷರತ್ತುಗಳಲ್ಲಿ ಒಂದು. ಬರಲಿಲ್ಲ. ಬಹುಮಾನವೂ ಸಿಗಲಿಲ್ಲ.

ನೀವೇ ನೋಡಬೇಕಾದರೆ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ವೆಬ್‌ಸೈಟಿನಲ್ಲಿ ಪ್ರತಿ ವರ್ಷದ ಪ್ರಾಕ್ಸಿ ಸ್ಟೇಟ್‌ಮೆಂಟ್, ಅಂದರೆ ವೋಟಿಗೆ ಮೊದಲು ಷೇರುದಾರರಿಗೆ ಕೊಡುವ ವಿವರ, ಉಚಿತವಾಗಿ ಸಿಗುತ್ತದೆ. ಸಂಬಳದ ಟೇಬಲ್ ಆಮೇಲೆ ನೋಡಿ. ಮೊದಲು ಬೋನಸ್ ಅಂಕ ಹಾಕಿದ ಪುಟ ತೆಗೆಯಿರಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ನಾಳೆ ನಮ್ಮ ಸೂಪರ್‌ವೈಸರ್ ಸರ್ ಹತ್ತಿರ ಒಂದು ಮಾತು ಕೇಳುತ್ತೇನೆ. ರಿಜೆಕ್ಟ್ ಆದರೆ ದುಡ್ಡು ಕಡಿಯುವುದಿದೆಯಲ್ಲ, ತಪ್ಪನ್ನು ಮೊದಲೇ ಹಿಡಿದು ಲಾಟ್ ನಿಲ್ಲಿಸಿದವರಿಗೆ ಏನಾದರೂ ಕೊಡಬಹುದಾ ಅಂತ.